ಮರಗಟ್ಟಿದ ಕಾಲಿಗೆ ಕಾಸಿದ ಇಟ್ಟಂಗಿ

"ಕೂಸು ಅಡ್ಡ ಐತಿ," ಅಂದರು ಡಾಕ್ಟರು. ಕೈ ನನ್ನ ಹೊಟ್ಟೆಯ ಮೇಲಿತ್ತು, ಮಾತು ನನ್ನ ಗಂಡನ ಜೊತೆ. "ತಡಾ ಮಾಡಿದ್ರ ಇಬ್ಬರೂ ಉಳಿಯೂದಿಲ್ಲ. ಆಪರೇಶನ್ ಮಾಡಬೇಕು. ಸಹಿ ಮಾಡ್ರಿ."

ಅವರು ಸಹಿ ಮಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಾನು ರಾಮದುರ್ಗದಲ್ಲಿ ಶಾಲೆಯ ಶಿಕ್ಷಕಿ. ಚೊಚ್ಚಲ ಹೆರಿಗೆಗೆಂದು ತವರಿಗೆ, ಸಂಪಗಾಂವಿಗೆ ಬಂದಿದ್ದೆ. ನೋವು ಶುರುವಾಗಿ ಒಂದು ದಿನ ಕಳೆದರೂ ಹೆರಿಗೆಯಾಗದೆ ಬೈಲಹೊಂಗಲದ ಒಂದು ಖಾಸಗಿ ದವಾಖಾನೆಗೆ ತಂದರು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಸಿಟ್ಟು ಇನ್ನಷ್ಟು ಏರುತ್ತದೆ.

ಬೆನ್ನು ಬಗ್ಗಿಸಿ ಕೂರಿಸಿ ಸೂಜಿ ಚುಚ್ಚಿದರು. ಸ್ಪೈನಲ್ ಅಂದರು. ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನಾನು ಇರಲಿಲ್ಲ. ಹೊಟ್ಟೆಯಲ್ಲಿ ಯಾರೋ ಕೈಯಾಡಿಸಿದಂತೆ ಆಯಿತು, ನೋವಿಲ್ಲ. ಆಮೇಲೆ ಕೂಸು ಅತ್ತಿತು. ಹೆಣ್ಣು. ಆ ಅಳು ಕೇಳಿದಾಗ ಡಾಕ್ಟರ ಕಾಲಿಗೆ ಬೀಳಬೇಕು ಅನ್ನಿಸಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನಕ್ಕೆ ಮುಂಚೆಯೇ ವಾರ್ಡಿಗೆ ತಂದು ಮಲಗಿಸಿದರು. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್, ಶಾಂತಾ ಅಂತ, ಸವದತ್ತಿ ಕಡೆಯವರು. ನಿಂತ ಕಾಲಲ್ಲೇ ನನ್ನ ಅವ್ವನಿಗೆ ಹೇಳಿದರು: "ತಲಿದಿಂಬ ಇಡಬ್ಯಾಡ್ರಿ. ಎಬ್ಬಿಸಿ ಕುಂಡ್ರಸಬ್ಯಾಡ್ರಿ. ಬಾಯಿಗೆ ನೀರ ಹಾಕಬ್ಯಾಡ್ರಿ. ಶಗಡಿ ಒಳಗ ತರಬ್ಯಾಡ್ರಿ, ಹೊಗಿ ಆಗತೈತಿ." ಹೊಗೆಯದೊಂದು ಬಿಟ್ಟರೆ ಯಾವುದಕ್ಕೂ ಕಾರಣ ಹೇಳಲಿಲ್ಲ. ಮುಂದಿನ ಮಂಚಕ್ಕೆ ಹೋದರು.

ನಮ್ಮ ಕಡೆ ಬಾಣಂತಿಯನ್ನು ಕಾಸದೆ ಬಿಡುವುದಿಲ್ಲ. ಮಂಚದ ಕೆಳಗೆ ಕೆಂಡದ ಶಗಡಿ ಇಟ್ಟು ಬೆನ್ನು, ಸೊಂಟ, ಕಾಲು ಬೆಚ್ಚಗಿಡುತ್ತಾರೆ. ನನ್ನ ಅವ್ವ ಗಂಗವ್ವ ನಮ್ಮ ಓಣಿಯ ಎಷ್ಟೋ ಬಾಣಂತಿಯರನ್ನು ಕಾಸಿದವಳು, ಅವರ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಮೈಗೆ ನೀರು ಹಾಕಿದವಳು. ಅವಳು ನನ್ನ ಪಾದ ಮುಟ್ಟಿ ನೋಡಿ ಗಾಬರಿಯಾದಳು.

"ಕಾಲ ತಣ್ಣಗ ಆಗ್ಯಾವಲ್ಲ ಯವ್ವಾ!"

ಶಗಡಿ ಬೇಡವೆಂದದ್ದು ಹೊಗೆಗೆ ತಾನೇ? ಇಟ್ಟಂಗಿಗೆ ಹೊಗೆ ಎಲ್ಲಿಂದ ಬರಬೇಕು? ದವಾಖಾನೆಯ ಹಿತ್ತಲಲ್ಲಿ ರೋಗಿಗಳ ಮನೆಯವರು ಅಡುಗೆ ಮಾಡುವ ಒಲೆಗಳಿದ್ದವು. ಅವ್ವ ಅಲ್ಲಿ ಇಟ್ಟಂಗಿ ಕಾಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಹಿಮ್ಮಡಿಗೆ ಆನಿಸಿ ಇಟ್ಟಳು.

"ಬಿಸಿ ಹತ್ತತೈತೇನ?"

"ಇಲ್ಲವ್ವಾ. ಏನೂ ತಿಳಿವಲ್ದು."

ಅವ್ವ ಹೋಗಿ ಇನ್ನಷ್ಟು ಕಾಸಿ ತಂದಳು. ಮತ್ತೆ ಕೇಳಿದಳು. ನಾನು ಮತ್ತೆ ಇಲ್ಲ ಅಂದೆ. ಮೂರನೆಯ ಸಲ ತಂದಳು. ಆಗಲೂ ಇಲ್ಲ ಅಂದೆ. ಶಾಲೆ ಕಲಿಸುವವಳು ನಾನು. ಹೊಟ್ಟೆ ಕೊಯ್ದರೂ ಗೊತ್ತಾಗದವಳಿಗೆ ಹಿಮ್ಮಡಿ ಸುಟ್ಟರೆ ಗೊತ್ತಾಗುತ್ತದೆಯೇ ಎಂದು ನನ್ನ ತಲೆಗೂ ಹೊಳೆಯಲಿಲ್ಲ. ಮೊದಲ ಸಿಟ್ಟು ನನ್ನ ಮೇಲೆಯೇ.

ಮೂರು ಗಂಟೆಯ ಸುಮಾರಿಗೆ ಬೆರಳುಗಳು ಜುಮುಜುಮು ಅಂದವು. ಅವ್ವ ಖುಷಿಪಟ್ಟಳು. ಆಮೇಲೆ ಹಿಮ್ಮಡಿಗೆ ಅರಿವು ಬಂತು.

ನಾನು ಕಿರುಚಿದೆ.

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕಿರುಚುವುದು ಏನೆಂದು ಹೇಳಲಾರೆ. ಬಟ್ಟೆ ತೆಗೆದರೆ ಎಡ ಹಿಮ್ಮಡಿಯ ತೊಗಲು ಬೆಳ್ಳಗಾಗಿ ಸುಲಿದು ಬಂದಿತ್ತು. ಬಲಗಾಲಿಗೆ ಬೊಕ್ಕೆ ಎದ್ದಿದ್ದವು. ಡಾಕ್ಟರು ಓಡಿ ಬಂದರು, ನೋಡಿದರು, ಅವ್ವನ ಕಡೆ ತಿರುಗಿದರು.

"ಏನ ಮಾಡಿಟ್ಟೀ ಮುದುಕಿ? ನಾ ಇಬ್ಬರ ಜೀವಾ ಉಳಿಸಿದ್ನಿ, ನೀ ಮಗಳ ಕಾಲ ಸುಟ್ಟಿ! ಇಂಥಾ ಕೈಯಾಗ ಕೂಸಿನ್ನ ಹೆಂಗ ಕೊಡೂದು?"

ಇಡೀ ವಾರ್ಡು ಕೇಳಿತು. ಅವ್ವ ಗೋಡೆಗೆ ಒರಗಿ ನಿಂತಳು. ನಾನು ಹಲ್ಲು ಕಚ್ಚಿ ಕೇಳಿದೆ: "ಕಾಲಿಗೆ ಅರಿವಿಲ್ಲಂತ ಆಕಿಗೆ ಯಾರ ಹೇಳಿದ್ರಿ?"

"ಅದನ್ನೇನ ಹೇಳೂದೈತಿ? ತಿಳೀಬೇಕು."

ಪಾಠ ಹೇಳದೆ ಮಕ್ಕಳನ್ನು ಪರೀಕ್ಷೆಗೆ ಕೂರಿಸಿ, ಬರೆಯಲಿಲ್ಲವೆಂದು ಬೈದರೆ ನನ್ನನ್ನು ಊರವರು ಸುಮ್ಮನೆ ಬಿಟ್ಟಾರೆಯೇ? ಇವರಿಗೆ ಮಾತ್ರ ಕೇಳುವವರಿಲ್ಲ. ಸೂಜಿ ಚುಚ್ಚಿದವರಿಗೆ ಗೊತ್ತಿತ್ತು, ಸಿಸ್ಟರ್‌ಗೆ ಗೊತ್ತಿತ್ತು. ಗೊತ್ತಿಲ್ಲದವಳು ನನ್ನ ಬಳಿ ಕೂತಿದ್ದ ಅವ್ವ ಒಬ್ಬಳೇ. ಬೈಗುಳ ಬಿದ್ದದ್ದು ಅವಳಿಗೆ.

ಹೊಟ್ಟೆಯ ಗಾಯ ಹತ್ತು ದಿನಕ್ಕೆ ಮಾಯಿತು. ಹಿಮ್ಮಡಿ ಮಾಯಲಿಲ್ಲ. ಮನೆಗೆ ಬಂದ ಮೇಲೂ ಮೂರು ದಿನಕ್ಕೊಮ್ಮೆ ಡ್ರೆಸ್ಸಿಂಗಿಗೆ ಬೈಲಹೊಂಗಲಕ್ಕೆ ಹೋಗಬೇಕಿತ್ತು. ಆದರೆ ನಾನು ಹೆದರಿದ್ದು ಕಾಲಿಗಲ್ಲ. ಅವ್ವ ಕೂಸನ್ನು ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಕಾಶವ್ವನನ್ನು ಕರೆದು ನೀರು ಹಾಕಿಸುತ್ತಿದ್ದಳು. ತಾನು ಪಡಸಾಲೆಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದಳು. ಕೇಳಿದರೆ, "ನನ್ನ ಕೈ ಬ್ಯಾಡ ಯವ್ವಾ" ಅನ್ನುತ್ತಿದ್ದಳು. ನನ್ನ ಅವ್ವನ ಕೈ! ನನ್ನನ್ನೂ ನನ್ನ ತಮ್ಮಂದಿರನ್ನೂ ಬೆಳೆಸಿದ ಕೈ.

ಒಂದೂವರೆ ತಿಂಗಳಾಗಿತ್ತು. ಡ್ರೆಸ್ಸಿಂಗ್ ಮಾಡುತ್ತ ಸಿಸ್ಟರ್ ಶಾಂತಾ ಮೆಲ್ಲಗೆ ಅಂದರು, "ಟೀಚರ್, ಅವತ್ತ ನಿಮ್ಮ ಅವ್ವಾರು ಇಟ್ಟಂಗಿ ಒಯ್ಯೂದನ್ನ ನಾ ನೋಡಿದ್ನಿರಿ. ನಮ್ಮ ಮನ್ಯಾಗೂ ಕಾಸತಾರ. ಕೈತುಂಬ ಕೆಲಸಿತ್ತು, ಸುಮ್ಮನಾದ್ನಿ."

ಅವರ ಕೈಯಲ್ಲಿದ್ದ ಟ್ರೇ ಕಿತ್ತು ಎಸೆಯಬೇಕು ಅನ್ನಿಸಿತು. ಒಂದು ಮಾತು. ಒಂದೇ ಒಂದು ಮಾತು ಅವತ್ತು ಆಡಿದ್ದರೆ!

"ನನ್ನ ಮುಂದ ಯಾಕ ಹೇಳತೀರಿ?" ಅಂದೆ. "ಹೊರಗ ಬೆಂಚಿನ ಮ್ಯಾಲ ಕುಂತಾಳ. ಆಕಿಗೆ ಹೇಳ್ರಿ."

ಸಿಸ್ಟರ್ ಡ್ರೆಸ್ಸಿಂಗ್ ಮುಗಿಸಿದರು. ಆಮೇಲೆ ಕೈ ತೊಳೆದುಕೊಂಡು ಹೊರಗೆ ಹೋದರು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಅವ್ವನ ಪಕ್ಕ ಕೂತರು.

"ಅವ್ವಾರ, ತಪ್ಪು ನಂದರಿ. ಆ ಸೂಜಿ ಹಾಕಿದ್ರ ಕಾಲು ನಾಕೈದು ತಾಸು ಸತ್ತಂಗ ಇರತಾವು, ಬಿಸಿ ತಿಳಿಯೂದಿಲ್ಲ. ನಾ ನಿಮಗ ಹೇಳಬೇಕಾಗಿತ್ತು."

ಅವ್ವ ಕೇಳಿದಳು: "ಈಗ ಬರೂ ಮಂದಿಗೆ ಹೇಳತೀ ಇಲ್ಲವ?"

"ಹೇಳತೇನ್ರಿ."

"ಹೇಳು ಮತ್ತ."

ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಡಾಕ್ಟರಂತೂ ಇವತ್ತಿನವರೆಗೆ ತಪ್ಪಾಯಿತೆಂದು ಒಂದು ಮಾತು ಆಡಿಲ್ಲ. ನಾನೂ ಮಗಳೂ ಬದುಕಿರುವುದು ಅವರಿಂದ. ಅದಕ್ಕೆ ಕೈ ಮುಗಿಯುತ್ತೇನೆ. ಅವ್ವನಿಗೆ ಅಂದ ಮಾತಿಗೆ ಮಾತ್ರ ನನ್ನಲ್ಲಿ ಮಾಫಿ ಇಲ್ಲ.

ಅದಾದ ಮೇಲೂ ಅವ್ವ ಕೂಸಿನ ಹತ್ತಿರ ಬರಲು ಹದಿನೈದು ದಿನ ಬೇಕಾಯಿತು. ಬಂದಳು, ಆದರೆ ನೀರಿಗೆ ಮೊದಲು ನನ್ನ ಕೈ ಹಾಕಿಸುತ್ತಿದ್ದಳು. "ನೀ ನೋಡು, ಬಿಸಿ ಭಾಳ ಆತೇನ?" ದಿನವೂ ಕುಂಟುತ್ತ ಬಚ್ಚಲಿಗೆ ಹೋಗಿ ಕೈ ಅದ್ದಿ, "ಸರಿ ಐತವ್ವಾ" ಅನ್ನುತ್ತಿದ್ದೆ. ನಾನು ಸರಿ ಅಂದ ಮೇಲೆಯೇ ನೀರಿನ ಚರಗಿ ಎತ್ತುತ್ತಿದ್ದಳು.

ನಿನ್ನೆ ಮುಂಜಾನೆ ನಾನು ಬಚ್ಚಲ ಬಾಗಿಲಿಗೆ ಬರುವಷ್ಟರಲ್ಲಿ ಕೂಸು ಅವಳ ಕಾಲ ಮೇಲಿತ್ತು, ಮೈ ತೊಯ್ದಿತ್ತು. ಅವ್ವ ತಲೆ ಎತ್ತಲಿಲ್ಲ.

"ಗಾಳಿ ಬರತೈತಿ, ಬಾಗಲಾ ಹಾಕ," ಅಂದಳು.