ಅಳು ಬಾರದ ಬೇಸಿಗೆ

ಆ ಕಾಲಕ್ಕೆ ನಮ್ಮ ಕಡೆ ಸತ್ತವರ ಮನೆಗೆ ಬಂದ ಹೆಂಗಸರು ಬರೀ ಅಳುತ್ತಿರಲಿಲ್ಲ, ಹಾಡಿಕೊಂಡು ಅಳುತ್ತಿದ್ದರು. ಒಬ್ಬರ ಕೊರಳನ್ನು ಒಬ್ಬರು ತಬ್ಬಿ, ಹೋದವರ ಗುಣ, ಮಾಡಿದ ಅಡುಗೆ, ಆಡಿದ ಮಾತು ಎಲ್ಲವನ್ನೂ ಎಳೆದೆಳೆದು ಹೇಳುತ್ತಿದ್ದರು. ಸುರಪುರದ ಸುತ್ತಿನ ಹಳ್ಳಿಗಳಲ್ಲಿ ಬೆಳೆದ ನನ್ನ ವಯಸ್ಸಿನವರ ಕಿವಿಯಲ್ಲಿ ಆ ದನಿ ಇನ್ನೂ ಇರಬಹುದು. ನನಗೆ ಮಾತ್ರ ಅದನ್ನು ನೆನೆದರೆ ಮೊದಲು ಹೆದರಿಕೆಯಾಗುತ್ತದೆ.

ನಾನು ನಾಲ್ಕನೆಯ ತರಗತಿ ಮುಗಿಸಿದ ಬೇಸಿಗೆ ಅದು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯ ಹೊರಸಿನ ಮೇಲೆ ಮಲಗಿದವಳು ಮತ್ತೆ ಏಳಲಿಲ್ಲ. ಮನೆ ತುಂಬ ಬೇವಿನ ಎಲೆಯ, ನೋವಿನ ಎಣ್ಣೆಯ ವಾಸನೆ. ಗೆಳತಿಯರು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರೂ ನನಗೆ ಹೋಗಲು ಮನಸ್ಸಿರಲಿಲ್ಲ. ನೋಡಲು ಬಂದವರೆಲ್ಲ ನನ್ನ ತಲೆ ಸವರಿ ಒಂದೇ ಮಾತು ಹೇಳುತ್ತಿದ್ದರು.

"ಈಕಿನ್ನ ಸಾಕಿದಾಕಿ ಆಯೀನೇ ನೋಡ್ರಿ. ನಾಳಿಗಿ ಎಲ್ಲಾರ್ಕಿಂತ ಹೆಚ್ಚಿಗಿ ಅಳಾಕಿ ಈಕೀನೇ."

ನನಗೆ ಅಳು ಬರುತ್ತಿರಲಿಲ್ಲ. ಆಯಿಯ ಮುಖವನ್ನು ಎಷ್ಟು ಹೊತ್ತು ನೋಡಿದರೂ ಕಣ್ಣಲ್ಲಿ ಒಂದು ಹನಿ ಇಲ್ಲ. ನಮ್ಮ ಓಣಿಯಲ್ಲಿ ಅತ್ತೆ ಸತ್ತಾಗ ಅಳದ ಸೊಸೆಯೊಬ್ಬಳಿದ್ದಳು. ಅವಳನ್ನು ಎಲ್ಲರೂ 'ಕಲ್ಗಣ್ಣಿ' ಎನ್ನುತ್ತಿದ್ದರು. ನೀರಿಗೆ ಬಂದರೂ ಕಲ್ಗಣ್ಣಿ, ಸಂತೆಗೆ ಹೋದರೂ ಕಲ್ಗಣ್ಣಿ. ನನಗೂ ಆ ಹೆಸರು ಬಿದ್ದರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನನಗೆ ಆಯಿಯ ಮೇಲೆ ನಿಜವಾಗಿಯೂ ಪ್ರೀತಿ ಇಲ್ಲವೇನೋ, ಇದ್ದಿದ್ದರೆ ಅಳು ಬರಬೇಕಲ್ಲವೇ?

ಹಿತ್ತಲಿನ ಬಣವೆಯ ಹಿಂದೆ ಕುಳಿತು ಅಳುವ ರೂಢಿ ಮಾಡಿಕೊಳ್ಳತೊಡಗಿದೆ. ಒಂದು ದಿನ ಉಳ್ಳಾಗಡ್ಡಿ ಒಡೆದು ಕಣ್ಣಿಗೆ ಹಿಡಿದುಕೊಂಡು "ಆಯೀ..." ಎಂದು ಎಳೆಯುತ್ತಿರುವಾಗ ಹಿಂದೆ ನೀಲವ್ವತ್ತೆ ನಿಂತಿದ್ದಳು. ಅಪ್ಪನ ತಂಗಿ. ತಾಯಿಯ ಆರೈಕೆಗೆಂದು ಶಹಾಪುರದಿಂದ ಬಂದಿದ್ದಳು.

"ಏನವ್ವಾ, ನಮ್ಮವ್ವ ಇನ್ನಾ ಗಂಜಿ ಕುಡ್ಯಾಕತ್ತಾಳ. ನೀ ಆಗ್ಲೇ ಕಳಿಸಿಬಿಟ್ಟೇನು?"

ಉಳ್ಳಾಗಡ್ಡಿಯನ್ನು ಲಂಗದಲ್ಲಿ ಮುಚ್ಚಿಕೊಂಡೆ. "ಅತ್ತೀ, ನನಗ ಅಳು ಬರವಲ್ದು."

"ಬರ್ಲಿಲ್ಲಂದ್ರ ಬಿಡು. ಹೊತ್ತಿಗಿ ಸರಿಯಾಗಿ ಬರಾಕ ಅದೇನ್ ಬಸ್ಸೇನು? ನಿಮ್ಮೂರಿಗಿ ಬಸ್ಸೂ ಹೊತ್ತಿಗಿ ಬರಂಗಿಲ್ಲ."

"ಎಲ್ಲಾರೂ ನೋಡ್ತಾರ."

"ನೋಡ್ಲಿ. ಆಕಿ ಬಗ್ಗಿ ನಿನಗ ಗೊತ್ತಿದ್ದ ಒಂದ್ ಮಾತು ಹೇಳು, ಸಾಕು. ಖರೇ ಇರ್ಬೇಕು ಅಷ್ಟೇ. ನಾ ಬಾಜೂಕ ಇರ್ತೀನಿ."

ನನ್ನ ಕೈಯಿಂದ ಉಳ್ಳಾಗಡ್ಡಿ ಇಸಿದುಕೊಂಡು ಒಗ್ಗರಣೆಗೆ ಒಯ್ದಳು. ಯಾರಿಗೂ ಹೇಳಲಿಲ್ಲ.

ಆಯಿ ಹೋದದ್ದು ಒಂದು ಮುಂಜಾನೆ. ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುಮಠಕಲ್‌ನಿಂದ ಬಂದ ಆಯಿಯ ತಂಗಿ ತೆಲುಗಿನಲ್ಲಿ ಹಾಡಿಕೊಂಡು ಅತ್ತಳು. ಒಂದು ಮಾತೂ ತಿಳಿಯದವರೂ ಬಿಕ್ಕಿದರು. ನನ್ನ ಕಣ್ಣು ಆಗಲೂ ಒಣಗಿಯೇ ಇತ್ತು. ಒಬ್ಬೊಬ್ಬರದೇ ಹಾಡು ಮುಗಿಯುತ್ತ ಬಂದಂತೆ ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

"ಮೊಮ್ಮಗಳು ಎಲ್ಲಿ ಅದಾಳ? ಕರೀರಿ ಆಕಿನ್ನ" ಎಂದಳು ಯಾರೋ ಮುದುಕಿ.

ಅತ್ತೆಯೇ ನನ್ನನ್ನು ಎಳೆದು ಕೊರಳು ತಬ್ಬಿದಳು. ಎಲೆ ಅಡಿಕೆ, ಬೆವರು, ಹೊಗೆಯ ವಾಸನೆ. "ಹೇಳು" ಎಂದಳು ಕಿವಿಯಲ್ಲಿ. ಹೇಳಲು ನನ್ನ ಬಳಿ ಖರೇ ಇದ್ದದ್ದು ಒಂದೇ ಮಾತು. ಕಣ್ಣು ಮುಚ್ಚಿ ಎಳೆದೆ.

"ಶೇಂಗಾದ ಉಂಡಿ ತಿಂದಾಕಿ ನೀನೇ ಅಲ್ಲೇನ ಆಯೀ... ಬೆಕ್ಕಿನ ಮ್ಯಾಲ ಹಾಕಿದೆಲ್ಲ ಆಯೀ..."

ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮವ್ವ ತಲೆ ಎತ್ತಿ ನನ್ನನ್ನೇ ನೋಡಿದಳು. ಉಂಡಿಯ ಡಬ್ಬಿ ಖಾಲಿಯಾದಾಗಲೆಲ್ಲ ಕಸಬರಿಗೆ ಹಿಡಿದು ಬೆಕ್ಕನ್ನು ಅಟ್ಟಾಡಿಸಿದವಳು ಅವಳೇ. ಮುಗಿಯಿತು ಎಂದುಕೊಂಡೆ. ಅಳದಿರುವುದಕ್ಕಿಂತ ಕೆಟ್ಟದ್ದನ್ನು ಮಾಡಿದ್ದೆ. ಕಲ್ಗಣ್ಣಿಗಿಂತಲೂ ಹೀನ ಹೆಸರೊಂದು ನನಗೆ ಕಾದಿತ್ತು.

ಆಗ ಅತ್ತೆ ನನ್ನ ಕೊರಳು ಬಿಡದೆ, ಅದೇ ಧಾಟಿಯಲ್ಲಿ ಮುಂದಿನ ಸಾಲು ಎತ್ತಿದಳು.

"ನಮ್ಮ ವೈನಿ ಕಸಬರಿಗಿ ಮುರೀತಲ್ಲೇ ನನ್ನವ್ವಾ... ಬಡ ಬೆಕ್ಕು ಊರೇ ಬಿಟ್ಟಿತಲ್ಲೇ ನನ್ನವ್ವಾ..."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ವೈನಿ, ಅಂದರೆ ನಮ್ಮವ್ವ, ಸೆರಗು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕುತ್ತಿತ್ತು. "ಎಂಥಾ ಕಳ್ಳಿ ಇದ್ದೀ ಅತ್ತೀ!" ಎಂದು ನಗುತ್ತಲೇ ತನ್ನ ಅತ್ತೆಯ, ನಮ್ಮ ಆಯಿಯ, ಪಾದ ಹಿಡಿದಳು. "ಕೇಳಿದ್ರ ನಾನೇ ಕೊಡ್ತಿದ್ನೆಲ್ಲ... ಒಂದ್ ಮಾತು ಕೇಳಬೇಕಿಲ್ಲೇನು..." ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನನ್ನದೂ ಹಾಗೆಯೇ. ನೀಲವ್ವತ್ತೆಯ ಕುಪ್ಪಸದ ಹೆಗಲು ತೊಯ್ದಿರುವುದನ್ನು ನೋಡಿದಾಗಲೇ ನಾನು ಅಳುತ್ತಿರುವುದು ನನಗೆ ಗೊತ್ತಾದದ್ದು.

ಆ ಅತ್ತೆ ಹೋದ ತಿಂಗಳು ಶಹಾಪುರದಲ್ಲಿ ತೀರಿಕೊಂಡಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅದರ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಬಂದವರು ಕೈಮುಗಿದು, ಕುರ್ಚಿಗಳಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಒಬ್ಬ ಮುದುಕಿ ದನಿ ತೆಗೆಯಲು ಹೋದಾಗ ಅತ್ತೆಯ ಸೊಸೆ ಮೆಲ್ಲಗೆ, "ಬ್ಯಾಡ್ರಿ, ನಮ್ಮ ಮಾವಗ ಬಿಪಿ ಅದ" ಎಂದಳು. ಅದು ತಪ್ಪಲ್ಲ, ಅದೂ ಒಂದು ಕಾಳಜಿಯೇ. ಮುದುಕಿ ಹೋಗಿ ಕುರ್ಚಿಯಲ್ಲಿ ಕುಳಿತಳು.

ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು. ಅತ್ತೆ ಸಿಟ್ಟಿಗೆದ್ದರೆ ಫೋನು ಇಟ್ಟುಬಿಡುತ್ತಿದ್ದಳು. ಆಮೇಲೆ, "ಸಿಟ್ಟಿಲೇ ಇಟ್ಟೀನಿ, ತಿಳೀತೋ ಇಲ್ಲೋ?" ಎಂದು ಕೇಳಲು ತಾನೇ ಮತ್ತೆ ಫೋನು ಮಾಡುತ್ತಿದ್ದಳು. ಇದನ್ನು ಹಾಡಿ ಹೇಳಿದ್ದರೆ ಆ ಮನೆ ಒಮ್ಮೆ ನಗುತ್ತಿತ್ತು. ಆದರೆ ಅದು ಒಬ್ಬರಿಂದ ಆಗುವ ಕೆಲಸವಲ್ಲ. ಮುಂದಿನ ಸಾಲು ಎತ್ತುವವರು ಬೇಕು.

ಪಕ್ಕದಲ್ಲಿದ್ದ ಸೊಸೆಯ ಕೊರಳ ಕಡೆಗೆ ಕೈ ಚಾಚಿದೆ. ನನಗೆ ಬಾಯಾರಿಕೆಯಾಗಿದೆ ಎಂದುಕೊಂಡು ಅವಳು ಆ ಕೈಗೆ ನೀರಿನ ಬಾಟಲಿ ಇಟ್ಟಳು. ಮುಚ್ಚಳ ತೆಗೆದು ಕುಡಿದೆ.