ಒಂದಾಣೆ ಪಾಲು ಮತ್ತು ಹಳದೀಪುರದ ಗದ್ದೆ

ಯುದ್ಧಕ್ಕೆ ಮೊದಲು ಹೊನ್ನಾವರದಲ್ಲಿ ನಮ್ಮಂಥವರ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ತಾಮ್ರದ ಹಂಡೆಯೋ ಬಂಗಾರವೋ ಆಗುತ್ತಿತ್ತು. ಯುದ್ಧ ಬಂದ ಮೇಲೆ ಪೆಟ್ರೋಲು ಸಿಗದೆ ಲಾರಿಗಳು ಕಡಿಮೆಯಾದವು. ಸರಕು ಸಾಗಿಸುವ ಹಾಯಿಹಡಗುಗಳಿಗೆ, ಅಂದರೆ ಮಚವೆಗಳಿಗೆ, ಬೇಡಿಕೆ ಏರಿತು. ಜನ ತಾಮ್ರವನ್ನು ತೂಕಕ್ಕೆ ಮಾರಿ ಮಚವೆಯಲ್ಲಿ ಪಾಲು ಹಿಡಿದರು. ಇಡೀ ಹಡಗು ಹದಿನಾರಾಣೆ. ಅದರಲ್ಲಿ ನಮ್ಮದು ಒಂದಾಣೆ. ನಾನು ಶಾಲಾ ಮಾಸ್ತರ. ಪಾಲಿನ ಯೋಚನೆ ಹೆಂಡತಿಯದು. ಮೂರು ವರ್ಷ ಒಳ್ಳೆಯ ಬಾಡಿಗೆ ಬಂತು.

ಯುದ್ಧ ಮುಗಿಯುವ ಸುದ್ದಿ ಬರತೊಡಗಿದಾಗ ಅವಳೇ ಮಾರೋಣ ಎಂದಳು. ಹಳದೀಪುರದಲ್ಲಿ, ಅವಳ ತವರಿನ ಹತ್ತಿರ, ರಸ್ತೆ ಬದಿಯ ಗದ್ದೆಯೊಂದು ಮಾರಾಟಕ್ಕಿತ್ತು. ಅದು ತನಗೆ ಬೇಕು ಎಂದಳು. ಅವಳು ಹಾಗೆ ಏನನ್ನೂ ಕೇಳಿದವಳಲ್ಲ.

"ಮಳೆ ಬಂತು, ಹಡಗು ದಡಕ್ಕೆ ಎಳೀತಾರೆ. ನಿಂತ ಹಡಗಿಗೆ ಎಂತಾ ಬೆಲೆ? ನೂಲಹುಣ್ಣಿಮೆ ಕಳದು ನೀರಿಗಿಳೀಲಿ, ಆಗ ಮಾರ್ವ," ಎಂದೆ.

"ಅಲ್ಲಿವರೆಗೆ ಗದ್ದೆ ಕಾಯ್ತದ್ಯಾ? ಲಾರಿ ಓಡೂಕೆ ಶುರುವಾದ್ರೆ ನಮ್ಮ ಪಾಲು ಕೇಳೂರು ಯಾರು?"

"ಒಂದ್ಸಲ ನನ್ನ ಮಾತು ಕೇಳು."

"ಆತು. ನಿಮ್ಮ ಪುಸ್ತಕದ ಲೆಕ್ಕದಲ್ಲಿ ಹಡಗು ಮುಳುಗೂದೇ ಇಲ್ಲ ಅಲ್ದಾ ಮಾಸ್ತರ್ರೆ," ಎಂದು ನಕ್ಕಳು.

ಹುಣ್ಣಿಮೆಗೆ ಮೊದಲೇ ಗದ್ದೆ ಬೇರೆಯವರದಾಯಿತು. ಮರುವರ್ಷ ಲಾರಿಗಳು ಹೆಚ್ಚಿದವು, ಮಚವೆಯ ಬಾಡಿಗೆ ಇಳಿಯಿತು. ಪಾಲುದಾರರೆಲ್ಲ ಒಟ್ಟಿಗೇ ಮಾರಲು ಹೊರಟರು. ದುಡ್ಡಿದ್ದವರು ಈಗ ಜಮೀನು ಹುಡುಕುತ್ತಿದ್ದರು, ಇಲ್ಲವೇ ಪೋಸ್ಟಾಫೀಸಿಗೆ ಕಟ್ಟುತ್ತಿದ್ದರು. ನಮ್ಮ ಒಂದಾಣೆ ಹಾಗೇ ಉಳಿಯಿತು. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಎರಡು ವರ್ಷದ ಮೇಲೆ ಅವಳಿಗೆ ಉಸಿರಿನ ತೊಂದರೆ ಹೆಚ್ಚಾಗಿ, ಕುಮಟೆಯ ಡಾಕ್ಟರಿಗೆ ತೋರಿಸಲು ಬಸ್ಸಿನಲ್ಲಿ ಹೊರಟೆವು. ಹಳದೀಪುರದಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯಿಂದ ಆ ಗದ್ದೆಯನ್ನೇ ನೋಡುತ್ತಿದ್ದಳು.

"ಬದು ಒಡದದೆ. ನೀರೆಲ್ಲ ಹೋಗ್ತದೆ. ಇಳದು ಅವರಿಗೆ ಹೇಳಿ ಬನ್ನಿ."

ಇಳಿದು ಹೋದೆ. ಗದ್ದೆಯವನು ಆಚೆ ಅಂಚಿನಲ್ಲಿದ್ದ. ಹೇಳಿದೆ. "ಮಾಸ್ತರ್ರಿಗೆ ಬೇಸಾಯ ಯಾವಾಗ ಬಂತು?" ಎಂದು ನಗುತ್ತಲೇ ಹಾರೆ ಎತ್ತಿಕೊಂಡ. ಅಷ್ಟರಲ್ಲಿ ಡ್ರೈವರು ಎರಡು ಸಲ ಹಾರ್ನು ಹೊಡೆದಿದ್ದ.

"ಹೇಳಿದ್ರಾ?" ಎಂದಳು.

"ಹೇಳ್ದೆ. ಈಗ್ಲೇ ಕಟ್ತಾನೆ."

ಅವಳು ಸರಿದು ಕಿಟಕಿಯ ಪಕ್ಕ ನನಗೆ ಜಾಗ ಕೊಟ್ಟಳು. ಆ ದೀಪಾವಳಿಗೆ ಅವಳಿರಲಿಲ್ಲ.