ಬಾವಿಯ ಕೆಂಪು ಮಣ್ಣಿನ ಎತ್ತು

ಮೊಮ್ಮಗಳು ಸುಜಾತಾಳ ಚೀಲದ ಮಣ್ಣನ್ನು ಬದಲಿಸಿದವಳು ನಾನೇ. ಬದಲಿಸಿದ್ದು ಸಾಲದೆಂದು ತಪ್ಪನ್ನು ಅವಳ ತಲೆಗೇ ಕಟ್ಟಿದೆ. ಇಂದು ಮನೆತುಂಬ ಪೇಢೆ, ಎದೆತುಂಬ ಹಿಗ್ಗು — ಆ ಹಿಗ್ಗಿನಲ್ಲೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆ ಕಲಿತ ಕೈ, ತಿದ್ದಿಕೊಂಡು ಓದಿರಿ.

ಮನುಷ್ಯರು ಹುಟ್ಟುವ ಎಷ್ಟೋ ಮೊದಲು ಭೂಮಿ ಬಲು ಬಿಸಿಯಿತ್ತಂತೆ, ಆಮೇಲೆ ಮೆಲ್ಲಗೆ ತಣ್ಣಗಾಯಿತಂತೆ. ಯಾಕೆ ಎಂದು ಹುಡುಕುವುದೇ ಅವಳ ಓದು. ಅದಕ್ಕೆಂದೇ ಕೆಲವು ವರ್ಷಗಳ ಹಿಂದೆ ನಮ್ಮೂರು ಘೋಣಸಗಿಯ ನಮ್ಮ ಬಾವಿಗೆ ಹಗ್ಗ ಕಟ್ಟಿ ಇಳಿದಳು. ಅಲ್ಲಿ ಕರಿಕಲ್ಲಿನ ಪದರಗಳ ನಡುವೆ ಒಂದು ಕೆಂಪು ಮಣ್ಣಿನ ಪಟ್ಟಿ ಇದೆ.

“ಬೆಂಕಿಯಾಗಿ ಹರದ ಕಲ್ಲ ಇದು ಆಯಿ. ಮಳಿಗೆ ಸವದು ಮಣ್ಣಾಗೋವಾಗ ಗಾಳಿಯೊಳಗಿನ ಇಂಗಾಲ ಎಳಕೊಂಡೈತಿ. ಅದಕ್ಕ ಭೂಮಿ ತಂಪಾತೇನು ಅಂತ ನೋಡಾಕತ್ತೇನಿ.”

“ಹಂಗಾರ ನಮ್ಮ ಬಿಜಾಪುರ ಯಾಕ ಹಂಚಿನಂಗ ಕಾಯತೈತಿ ಬೇ? ಇನ್ನೊಂದೀಟು ಸವೀ ಅಂತ ಹೇಳು ನಿನ್ನ ಕಲ್ಲಿಗೆ!”

ನಕ್ಕಳು. ಮಣ್ಣಿನ ಚೀಲಗಳನ್ನು ಪಡಸಾಲೆಯಲ್ಲಿಟ್ಟು ಬಿಜಾಪುರದ ಜೋರಾಪುರ ಪೇಟೆಯ ಸೋದರತ್ತೆಯ ಮನೆಗೆ ಹೋದಳು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆ ಎತ್ತು ಮಾಡಬೇಕು, ಹೊರಗೆ ಮಳೆ. ಗೋಡೆ ಸಾರಿಸಲು ತಂದಿಟ್ಟ ಕೆಮ್ಮಣ್ಣು ಬರೀ ಉಸುಕು, ಎತ್ತಿನ ಕಾಲು ನಿಲ್ಲುವುದಿಲ್ಲ. ಅವಳ ಚೀಲದ ಮಣ್ಣೋ — ಬೆಣ್ಣೆಯಂಥದ್ದು. ಒಂದು ಚೀಲ ಬರಿದು ಮಾಡಿ ಜೋಡೆತ್ತು ಮಾಡಿದೆ. ಚೀಲಕ್ಕೆ ಗೋಡೆಯ ಮಣ್ಣು ತುಂಬಿ ಕಟ್ಟಿಟ್ಟೆ. ಮಣ್ಣಿಗೆ ಮಣ್ಣು, ಏನಾಗುತ್ತದೆ ಅಂದುಕೊಂಡೆ.

ಕೆಲವು ತಿಂಗಳ ಮೇಲೆ ಫೋನು. ಒಂದು ಚೀಲದ ಮಣ್ಣು ಉಳಿದವುಗಳಿಗೆ ಹೊಂದುತ್ತಿಲ್ಲ, ಎಲ್ಲವನ್ನೂ ಹೊಸದಾಗಿ ತರಬೇಕೆಂದು ಗುರುಗಳು ಬೈದಿದ್ದರು. ಅಳುತ್ತಿದ್ದಳು. “ನನ್ನ ಕೈಯಾಗ ತಪ್ಪಾತೇನ ಆಯಿ?”

ಆಗ ಹೇಳಬಹುದಿತ್ತು. ನಾನು ಹೇಳಿದ್ದು — “ನಿನ್ನ ಕೈನ ತಪ್ಪಿರಬೇಕು ಬಿಡವಾ.”

ಬಾವಿ ತುಂಬಿತ್ತು. ನೀರು ಇಳಿಯಲೆಂದು ಬೇಸಿಗೆಯವರೆಗೆ ಕಾದಳು. ಮತ್ತೆ ಇಳಿದಾಗ ಒಂದೊಂದು ಚೀಲದ ಗಂಟನ್ನೂ ಬಿಚ್ಚಿ ನೋಡುತ್ತಿದ್ದಳು, ಕಟ್ಟುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು. ತನ್ನ ಕೈಯನ್ನೇ ನಂಬದವರ ಹಾಗೆ. ಹಗ್ಗ ಹಿಡಿದು ಮೇಲೆ ನಿಂತು ಅದನ್ನೆಲ್ಲ ನೋಡುತ್ತಿದ್ದವಳು ನಾನು.

ಆ ಮಣ್ಣಿನ ಓದಿಗೇ ಈಗ ಅವಳು ಡಾಕ್ಟರು! ನಿನ್ನೆ ಊರಿಗೆ ಬಂದಳು. ಪಕ್ಕದ ಮನೆಯ ಶಾಂತವ್ವ, “ಡಾಕ್ಟರಬಾಯಿ, ಮೊದಲ ನನ್ನ ಮೊಣಕಾಲ ನೋಡ್ರಿ” ಎಂದು ಕಾಲು ಚಾಚಿ ಕೂತಳು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಸುಜಾತಾ ಓಣಿಯ ಹುಡುಗಿಯರಿಗೆ ಹೇಳಿದಳು: “ನಂದ ಕೈ ತಪ್ಪಿ ಒಂದ ವರ್ಷ ಹಾಳಾತು. ನೀವು ಹಂಗ ಮಾಡಬ್ಯಾಡ್ರಿ.”

ಕೈಯಲ್ಲಿದ್ದ ಪೇಢೆಯನ್ನು ತಿರುಗಿ ತಟ್ಟೆಗಿಟ್ಟೆ.

ಇಂದು ಬೆಳಿಗ್ಗೆ, ಆ ಜೋಡಿಯಲ್ಲಿ ಇಷ್ಟು ವರ್ಷ ನೀರಿಗೆ ಬಿಡದೆ ಗೂಡಿನಲ್ಲಿಟ್ಟಿದ್ದ ಒಂದು ಎತ್ತನ್ನು ಅವಳ ಕೈಯಲ್ಲಿಟ್ಟು ಎಲ್ಲ ಹೇಳಿದೆ. ಅವಳು ಮುರಿದ ಕೋಡನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಬೈಯಲಿಲ್ಲ.

“ಹಂಗಾರ ನನ್ನ ಕೈ ತಪ್ಪಿರಲಿಲ್ಲೇನ ಆಯಿ?”

“ಇಲ್ಲವಾ.”

ಅಂದೂ ಬೇಕಾಗಿದ್ದದ್ದು ಈ ಒಂದೇ ಮಾತು.

ಓಣಿಯ ಹುಡುಗಿಯರನ್ನು ಸಂಜೆ ಮತ್ತೆ ಚಹಾಕ್ಕೆ ಕರೆದಿದ್ದೇನೆ. ಎತ್ತು ಕಟ್ಟೆಯ ಮೇಲಿದೆ. ಯಾರ ಕೈ ತಪ್ಪಿತೆಂದು ಅವರಿಗೆ ನಾನೇ ಹೇಳುತ್ತೇನೆ.